ಕುಂದಿಮಾನ್ ಮತ್ತು ಹರಾನ: ಕಲಿತು ಹಾಡಿದ ಅನುಭವ

ಫಿಲಿಪ್ಪೀನ್ಸ್‌ನ ಹಳೆಯ ಪ್ರೇಮಗೀತೆಗಳ ಮಾತು ಬಂದಾಗ ಹರಾನ ಮತ್ತು ಕುಂದಿಮಾನ್ ಎಂಬ ಎರಡು ಹೆಸರುಗಳು ಒಟ್ಟೊಟ್ಟಿಗೇ ಕೇಳಿಬರುತ್ತವೆ. ಆ ದೇಶದ ಯುವಜನರಲ್ಲಿಯೂ ಅನೇಕರು ಎರಡನ್ನೂ ಒಂದೇ ಎಂದು ತಿಳಿದಿರುತ್ತಾರೆ. ಕೇಳುವವರಿಗೆ ಅದರಿಂದ ಹೆಚ್ಚೇನೂ ನಷ್ಟವಿಲ್ಲ. ಹಾಡಲು ಕುಳಿತವರಿಗೆ ಮಾತ್ರ ಆ ವ್ಯತ್ಯಾಸ ಮೊದಲ ಪಾಠದಲ್ಲಿಯೇ ಬೇಕಾಗುತ್ತದೆ. ಹರಾನ ಎಂದರೆ ರಾತ್ರಿ ಹೊತ್ತು ಗೆಳೆಯರೊಂದಿಗೆ ಗಿಟಾರ್ ಹಿಡಿದು ಹೋಗಿ, ಮೆಚ್ಚಿದ ಹುಡುಗಿಯ ಮನೆಯ ಕಿಟಕಿಯ ಕೆಳಗೆ ನಿಂತು ಹಾಡುವ ಪದ್ಧತಿ. ಆ ಸಂದರ್ಭಕ್ಕೆಂದೇ ಹುಟ್ಟಿದ ಹಾಡುಗಳಿಗೂ ಅದೇ ಹೆಸರು. ಅವುಗಳ ನಡೆ ಹೆಚ್ಚಾಗಿ ಎರಡು ಎಣಿಕೆಯದು, ಸ್ಪೇನ್ ಆಳ್ವಿಕೆಯ ಕಾಲದಲ್ಲಿ ಅಲ್ಲಿಗೆ ಬಂದು ನೆಲೆಯೂರಿದ ಹಬನೆರಾ ಎಂಬ ನೃತ್ಯದ ಲಯದ್ದು. ಕುಂದಿಮಾನ್ ಮೂರು ಎಣಿಕೆಯ, ವಿಳಂಬ ಗತಿಯ ಗೀತೆ. ಅದು ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳಲ್ಲಿ ವಿಷಾದದ ಛಾಯೆಯ ಮೈನರ್‌ನಲ್ಲಿ ಆರಂಭವಾಗಿ, ನಡುವೆ ಅದೇ ಆಧಾರ ಷಡ್ಜದ, ಹೆಚ್ಚು ಬೆಳಕಿನ ಮೇಜರ್‌ಗೆ ಹೊರಳುತ್ತದೆ. ಕಿಟಕಿಯ ಕೆಳಗೆ ನಿಂತು ಕುಂದಿಮಾನ್ ಹಾಡುವುದೂ ಇತ್ತು. ಆದರೆ ಹರಾನದ ಎಲ್ಲ ಹಾಡುಗಳೂ ಕುಂದಿಮಾನ್ ಅಲ್ಲ, ಕುಂದಿಮಾನ್‌ಗಳಲ್ಲಿ ದೊಡ್ಡದೊಂದು ಪಾಲು ಕಿಟಕಿಗಾಗಿ ಬರೆದದ್ದೂ ಅಲ್ಲ.

ನಾನು ಮೈಸೂರಿನಲ್ಲಿ ಬಾಲ್ಯದಿಂದ ಕರ್ನಾಟಕ ಸಂಗೀತದ ಗಾಯನ ಕಲಿತವನು. ಗಿಟಾರ್ ಕಾಲೇಜಿನ ದಿನಗಳ ಹವ್ಯಾಸ. ಉದ್ಯೋಗದ ನಿಮಿತ್ತ ಮನಿಲಾದ ಪಕ್ಕದ ಕೆಸೋನ್ ಸಿಟಿಯಲ್ಲಿ ನೆಲೆಸಿದ ಮೇಲೆ, ನಮ್ಮ ಬೀದಿಯಲ್ಲಿಯೇ ಇದ್ದ ನಿವೃತ್ತ ಸಂಗೀತ ಶಿಕ್ಷಕರೊಬ್ಬರ ಬಳಿ ಈ ಹಾಡುಗಳನ್ನು ಕಲಿಯಲು ಸೇರಿಕೊಂಡೆ. ಸುತ್ತಮುತ್ತಲಿನವರೆಲ್ಲ ಅವರನ್ನು ಮಾಯೆಸ್ತ್ರೊ ಎಂದು ಕರೆಯುತ್ತಿದ್ದುದರಿಂದ ನನಗೂ ಅವರು ಮಾಯೆಸ್ತ್ರೊ ಆದರು. ಹಾಡುವುದಕ್ಕೆ ಮೊದಲು ಹಾಡಿಗೆ ಗಿಟಾರ್ ಹಿಡಿಯಲು ಬರಬೇಕು ಎಂಬುದು ಅವರ ಕ್ರಮವಾಗಿತ್ತು. ಆ ಕ್ರಮ ಎಷ್ಟು ಸರಿ ಎಂಬುದು ಈಗ ನಾನೇ ಇಬ್ಬರು ಮೂವರಿಗೆ ಹೇಳಿಕೊಡುವಾಗ ನನಗೆ ಇನ್ನಷ್ಟು ಮನವರಿಕೆಯಾಗಿದೆ. ಏಕೆಂದರೆ ಕುಂದಿಮಾನ್‌ನ ತಿರುಳು ಆ ಹೊರಳಿನಲ್ಲಿದೆ, ಮತ್ತು ಅದು ಕಿವಿಗೆ ಅರ್ಥವಾಗುವುದಕ್ಕಿಂತ ಮೊದಲು ಬೆರಳಿಗೆ ಅರ್ಥವಾಗುತ್ತದೆ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟಾರ್‌ನಲ್ಲಿ ಎ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಾಗ ಎರಡನೆಯ ತಂತಿಯ ಮೊದಲ ಫ್ರೆಟ್‌ನ, ಎಂದರೆ ಮೆಟ್ಟಿನ, ಮೇಲೆ ತೋರುಬೆರಳು ಇರುತ್ತದೆ. ಆ ಒಂದು ತಂತಿಯಲ್ಲಿ ಮಾತ್ರ ಒಂದು ಫ್ರೆಟ್ ಮುಂದೆ ಒತ್ತಿದರೆ, ಉಳಿದ ಸ್ವರಗಳೆಲ್ಲ ಇದ್ದಲ್ಲಿಯೇ ಇದ್ದು, ಅದು ಎ ಮೇಜರ್ ಆಗುತ್ತದೆ. ಹಾಗೆಯೇ ಡಿ ಮೈನರ್‌ನಲ್ಲಿ ಮೊದಲ ತಂತಿಯ ಮೊದಲ ಫ್ರೆಟ್ಟಿನಿಂದ ಎರಡನೆಯದಕ್ಕೆ ಸರಿದರೆ ಡಿ ಮೇಜರ್. ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಹಾಡಿನ ಮೊದಲರ್ಧ ಕೀರವಾಣಿಯ ಸ್ವರಗಳಲ್ಲಿ ನಡೆದು, ಉತ್ತರಾರ್ಧ ಅದೇ ಷಡ್ಜವನ್ನಿಟ್ಟುಕೊಂಡು ಧೀರಶಂಕರಾಭರಣಕ್ಕೆ ಬರುತ್ತದೆ: ಸಾಧಾರಣ ಗಾಂಧಾರ ಅಂತರ ಗಾಂಧಾರವಾಗುತ್ತದೆ, ಶುದ್ಧ ಧೈವತ ಚತುಶ್ರುತಿ ಧೈವತವಾಗುತ್ತದೆ, ಉಳಿದ ಐದು ಸ್ವರಗಳು ಕದಲುವುದಿಲ್ಲ. ಎ ಸ್ವರವನ್ನು ಷಡ್ಜವೆಂದು ಹಿಡಿದರೆ, ಎರಡನೆಯ ತಂತಿಯಲ್ಲಿ ಸರಿದ ಬೆರಳು ಆ ಗಾಂಧಾರದ್ದು, ಮೊದಲ ತಂತಿಯಲ್ಲಿ ಸರಿದದ್ದು ಆ ಧೈವತದ್ದು. ಇಪ್ಪತ್ತೊಂದನೆಯ ಮೇಳಕ್ಕೂ ಇಪ್ಪತ್ತೊಂಬತ್ತನೆಯ ಮೇಳಕ್ಕೂ ಇರುವ ಅಂತರವನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ ನನಗೆ, ಆ ಅಂತರ ಬೆರಳ ತುದಿಯಲ್ಲಿ ಎರಡು ಪುಟ್ಟ ಚಲನೆಗಳಾಗಿ ಸಿಕ್ಕಿದ್ದು ಬಹಳ ಸಂತೋಷ ಕೊಟ್ಟಿತು.

ಹೊರಳುವ ಮುನ್ನ ಬರುವ ಕಾರ್ಡ್ ಇನ್ನೂ ಮುಖ್ಯವಾದದ್ದು. ಪಂಚಮವನ್ನು ತಳವಾಗಿರಿಸಿಕೊಂಡು, ಕಾಕಲಿ ನಿಷಾದವನ್ನು ಒಳಗೊಂಡ ಇ ಸೆವೆಂತ್ ಕಾರ್ಡ್ ಎರಡಕ್ಕೂ ಸಮಾನ. ಅದು ಮೈನರ್‌ಗೂ ಕರೆದೊಯ್ಯಬಲ್ಲದು, ಮೇಜರ್‌ಗೂ ಕರೆದೊಯ್ಯಬಲ್ಲದು. ಮೊದಲರ್ಧದ ಕೊನೆಯಲ್ಲಿ ಅದನ್ನು ತಡೆದು ಹಿಡಿದಾಗ, ಮುಂದೆ ಏನು ಬರುತ್ತದೆ ಎಂಬುದು ಕೇಳುವವರಿಗೆ ತಿಳಿದಿರುವುದಿಲ್ಲ. ಇಷ್ಟು ಹೊತ್ತೂ ಅದು ಮೈನರ್‌ಗೇ ಮರಳಿದ್ದರಿಂದ ಈ ಸಲವೂ ಅಲ್ಲಿಗೇ ಹೋಗುತ್ತದೆ ಎಂದು ಕಿವಿ ಎದುರು ನೋಡುತ್ತದೆ. ಆಗ ಆ ಒಂದು ಬೆರಳು ಸರಿಯುತ್ತದೆ. ಮಾಯೆಸ್ತ್ರೊ ಈ ಜಾಗದಲ್ಲಿ ನನ್ನನ್ನು ಪದೇ ಪದೇ ನಿಲ್ಲಿಸುತ್ತಿದ್ದರು. ಮೇಜರ್ ಬಂದ ಕೂಡಲೇ ದನಿ ಎತ್ತರಿಸಬಾರದು, ವೇಗ ಹೆಚ್ಚಿಸಬಾರದು, ಕಾರ್ಡ್ ಅನ್ನು ಬಲವಾಗಿ ಮೀಟಬಾರದು. ಸ್ವರವೇ ಆ ಕೆಲಸ ಮಾಡುತ್ತದೆ, ನೀನು ದಾರಿ ಬಿಡು ಎಂಬುದು ಅವರ ಮಾತಿನ ಸಾರಾಂಶ. ಮೊದಲರ್ಧ ಅಳಲು ತೋಡಿಕೊಳ್ಳುವ ಭಾಗ, ಎರಡನೆಯ ಅರ್ಧ ಅಳಲಿನ ನಡುವೆಯೂ ಕೈಬಿಡದ ನಿಷ್ಠೆಯ ಭಾಗ. ಮೊದಲರ್ಧದಲ್ಲಿಯೇ ಅತ್ತು ಮುಗಿಸಿಬಿಟ್ಟರೆ ಎರಡನೆಯದಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಕುಂದಿಮಾನ್ ಅನ್ನು ಬರಿಯ ಶೋಕಗೀತೆಯೆಂದು ಹಾಡುವವರನ್ನು ಕೇಳಿದಾಗ ನನಗೆ ಇಂದಿಗೂ ಅಸಮಾಧಾನವಾಗುತ್ತದೆ. ಅದು ಅಂಗಲಾಚುತ್ತ ಅಂಗಲಾಚುತ್ತಲೇ ತಲೆ ಎತ್ತುವ ಹಾಡು.

ಗಾಯನದಲ್ಲಿ ನನಗೆ ಹೆಚ್ಚು ಸಮಯ ಹಿಡಿದದ್ದು ಗಮಕವನ್ನು ಪಕ್ಕಕ್ಕಿಡುವ ಕೆಲಸ. ಕೀರವಾಣಿಯ ಗಾಂಧಾರವನ್ನು ಆಂದೋಲನವಿಲ್ಲದೆ ಹಾಡಲು ನಮ್ಮ ಗಂಟಲು ಸುಲಭವಾಗಿ ಒಪ್ಪುವುದಿಲ್ಲ. ಕುಂದಿಮಾನ್‌ನಲ್ಲಿ ಸ್ವರ ನೇರವಾಗಿ ನಿಲ್ಲಬೇಕು, ಏಕೆಂದರೆ ಕೆಳಗೆ ಗಿಟಾರ್ ಅದೇ ಗಾಂಧಾರವನ್ನು ಅಲುಗಾಡದೆ ನುಡಿಸುತ್ತಿರುತ್ತದೆ. ಅಲಂಕಾರಕ್ಕೆ ಅವಕಾಶವಿರುವುದು ಒಂದು ಸ್ವರದಿಂದ ದೂರದ ಇನ್ನೊಂದು ಸ್ವರಕ್ಕೆ ಏರುವಾಗ, ಅಲ್ಲಿ ನಮ್ಮ ಜಾರುವನ್ನು ಹೋಲುವ ಒಂದು ಎಳೆತವಿದೆ. ಮತ್ತು ಸಾಲಿನ ಕೊನೆಯಲ್ಲಿ, ಅಲ್ಲಿ ಗಾಯಕರು ಲಯವನ್ನು ಸಡಿಲಿಸಿ ಕಾಲವನ್ನು ಹಿಗ್ಗಿಸುತ್ತಾರೆ. ತಾಳ ತಪ್ಪದಂತೆ ತೊಡೆಯ ಮೇಲೆ ಕೈ ಬಡಿಯುತ್ತ ಬೆಳೆದವನಿಗೆ ಈ ಸಡಿಲಿಕೆ ಕಲಿಯುವುದು ಬಿಗಿತವನ್ನು ಕಲಿಯುವುದಕ್ಕಿಂತ ಕಷ್ಟ. ಎತ್ತರದ ಸ್ವರವೊಂದರ ಮೇಲೆ ಗಾಯಕ ತಂಗಿದಾಗ ಗಿಟಾರ್‌ನವನು ಅವನ ಉಸಿರನ್ನು ನೋಡುತ್ತ ಕಾಯಬೇಕು. ಆದ್ದರಿಂದ ಇಬ್ಬರೂ ಎದುರುಬದುರಾಗಿ ಅಲ್ಲದಿದ್ದರೂ ಒಬ್ಬರ ಭುಜ ಇನ್ನೊಬ್ಬರಿಗೆ ಕಾಣುವಂತೆ ನಿಲ್ಲುವುದು ವಾಡಿಕೆ.

ಹರಾನದ ಲಯಕ್ಕೆ ಬಂದಾಗ ನನ್ನ ಹಳೆಯ ಅಭ್ಯಾಸ ನೆರವಿಗೆ ಬಂತು. ಹಬನೆರಾದ ಒಂದು ಆವೃತ್ತಿಯನ್ನು ಎಂಟು ಸಣ್ಣ ಮಾತ್ರೆಗಳಾಗಿ ಎಣಿಸಿದರೆ, ಮೀಟು ಬೀಳುವುದು 3, 1, 2, 2 ಎಂಬ ಅಂತರಗಳಲ್ಲಿ. ನಾನು ಅದನ್ನು ‘ತಕಿಟ ತ ತಕ ತಕ’ ಎಂದು ಬಾಯಲ್ಲಿ ಹೇಳಿಕೊಂಡು ಹೆಬ್ಬೆರಳಿನಿಂದ ಮಂದ್ರದ ತಂತಿಯಲ್ಲಿ ಮೊದಲ ಪೆಟ್ಟನ್ನು, ಉಳಿದ ಬೆರಳುಗಳಿಂದ ನಂತರದವನ್ನು ನುಡಿಸುತ್ತ ಕೈ ಪಳಗಿಸಿಕೊಂಡೆ. ಮಾಯೆಸ್ತ್ರೊ ಆ ಸೊಲ್ಲುಗಳನ್ನು ಕೇಳಿ ಕುತೂಹಲದಿಂದ ತಾವೂ ಕಲಿತರು. ತಮ್ಮ ಮೊಮ್ಮಕ್ಕಳಿಗೆ ಹಬನೆರಾ ಹೇಳಿಕೊಡುವಾಗ ಅವರು ‘ತಕಿಟ’ ಎನ್ನುವುದನ್ನು ನಾನೇ ಕೇಳಿದ್ದೇನೆ. ಹಾಡು ಆರಂಭವಾಗುವ ಮುನ್ನ ಗಿಟಾರ್‌ನಲ್ಲಿ ನುಡಿಸುವ ಪೀಠಿಕೆಗೆ ಅಲ್ಲಿ ಪಸಕಾಲ್ಯೆ ಎನ್ನುತ್ತಾರೆ. ಇದು ಕೇವಲ ಶ್ರುತಿ ತಿಳಿಸುವುದಕ್ಕಲ್ಲ: ಕಿಟಕಿಯ ಹಿಂದೆ ಮಲಗಿರುವವರನ್ನು ಎಬ್ಬಿಸುವ, ಬಂದವರು ಕಳ್ಳರಲ್ಲ, ಹಾಡುಗಾರರು ಎಂದು ಮನೆಯವರಿಗೆ ತಿಳಿಸುವ ಭಾಗವೂ ಇದೇ. ಆದ್ದರಿಂದ ಅದು ಸ್ಪಷ್ಟವಾಗಿರಬೇಕು, ಅವಸರದ್ದಾಗಿರಬಾರದು.

ಸಾಹಿತ್ಯದ ವಿಷಯದಲ್ಲಿ ಕನ್ನಡದವರು ಸಂತೋಷಪಡುವ ಸಂಗತಿಯೊಂದಿದೆ. ಈ ಹಾಡುಗಳ ಭಾಷೆಯಾದ ತಗಾಲೊಗ್‌ನ ಹಳೆಯ ಪದ್ಯಗಳು ಬಹುಮಟ್ಟಿಗೆ ಅಕ್ಷರಗಣನೆಯ ಮೇಲೆ ನಿಂತಿವೆ. ಅವುಗಳಲ್ಲಿ ಹನ್ನೆರಡು ಅಕ್ಷರದ ಸಾಲು, ಆರನೆಯ ಅಕ್ಷರದ ಬಳಿಕ ಯತಿ, ನಾಲ್ಕು ಸಾಲಿಗೊಂದೇ ಅಂತ್ಯಪ್ರಾಸ ಎಂಬ ಕಟ್ಟು ಬಹಳ ಪ್ರಸಿದ್ಧ. 1838ರಲ್ಲಿ ಪ್ರಕಟವಾದ ಫ್ರಾನ್ಸಿಸ್ಕೊ ಬಲಗ್ತಾಸ್‌ರ ‘ಫ್ಲೊರಾಂತೆ ಆತ್ ಲೌರಾ’ ಕಾವ್ಯ ಇದೇ ಕಟ್ಟಿನದು. ‘ಓ ಇಲಾವ್’ ಎಂಬ ಜನಪ್ರಿಯ ಹರಾನದ ಉತ್ತರಾರ್ಧವನ್ನು ಎಣಿಸಿ ನೋಡಿದರೆ ಅಲ್ಲಿಯೂ ಆರು ಮತ್ತು ಆರು ಎಂಬ ಲೆಕ್ಕ ಸಿಗುತ್ತದೆ. ಗಾಢ ನಿದ್ದೆಯಿಂದ ಏಳು, ಕಿಟಕಿ ತೆರೆದು ನನ್ನತ್ತ ನೋಡು, ನನ್ನ ನಿಜವಾದ ಅಳಲು ಆಗ ನಿನಗೆ ತಿಳಿಯುತ್ತದೆ ಎಂಬುದು ಆ ಸಾಲುಗಳ ಭಾವ. ಯತಿ ಎಲ್ಲಿದೆ ಎಂದು ತಿಳಿದ ಮೇಲೆ ಉಸಿರು ತೆಗೆದುಕೊಳ್ಳುವ ಜಾಗಕ್ಕಾಗಿ ಹುಡುಕಬೇಕಾಗಿಲ್ಲ. ಹಾಡಿದವರಿಗೆ ಕವಿಯೇ ಅದನ್ನು ಗೊತ್ತುಮಾಡಿ ಇಟ್ಟಿದ್ದಾನೆ.

ಉಚ್ಚಾರಣೆಯಲ್ಲಿ ಎರಡು ಕಡೆ ಕನ್ನಡದ ನಾಲಿಗೆ ತಡವರಿಸುತ್ತದೆ. ಒಂದು, ಶಬ್ದದ ಆರಂಭದಲ್ಲಿಯೇ ಬರುವ ಙಕಾರ. ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿದ್ದರೂ ಅದರಿಂದ ಶಬ್ದ ಆರಂಭಿಸುವ ರೂಢಿ ನಮಗಿಲ್ಲ. ಇನ್ನೊಂದು, ಹೃದಯಕ್ಕೆ ಅವರು ಹೇಳುವ ‘ಪೂಸೊ’, ಕಣ್ಣೀರಿಗೆ ಹೇಳುವ ‘ಲೂಹಾ’ ಮುಂತಾದ ಶಬ್ದಗಳ ಕೊನೆಯಲ್ಲಿ ಗಂಟಲಿನಲ್ಲಿಯೇ ದನಿಯನ್ನು ತುಂಡರಿಸುವ ಕ್ರಮ. ಕೊನೆಯ ಸ್ವರವನ್ನು ಎಳೆದು ಎಳೆದು ಗಾಳಿಯಲ್ಲಿ ಕರಗಿಸುವುದು ನಮ್ಮ ಅಭ್ಯಾಸ. ಇಲ್ಲಿ ದೀರ್ಘವಾಗಿ ನಿಂತ ಸ್ವರವೂ ತುದಿಯಲ್ಲಿ ಮೆಲ್ಲಗೆ ಮುಚ್ಚಿಕೊಳ್ಳಬೇಕು. ಅದನ್ನು ಬಿಟ್ಟರೆ ಅರ್ಥ ಕೆಡದಿರಬಹುದು, ಆದರೆ ಹೊರಗಿನವನು ಹಾಡುತ್ತಿದ್ದಾನೆ ಎಂಬುದು ಕೇಳುವವರಿಗೆ ತಕ್ಷಣ ತಿಳಿಯುತ್ತದೆ. ಸಾಹಿತ್ಯವನ್ನು ಮೊದಲು ಮಾತಿನಂತೆ ಓದಿ, ಆ ಬಳಿಕ ಲಯಕ್ಕೆ ಕೂರಿಸಿ ಓದಿ, ಕೊನೆಗೆ ರಾಗಕ್ಕೆ ಬರುವುದನ್ನು ನಾನು ಈಗಲೂ ಬಿಟ್ಟಿಲ್ಲ.

ಕಲಿಯುತ್ತ ಹೋದಂತೆ ಮನಿಲಾದ ಉತ್ತರಕ್ಕಿರುವ ಬುಲಾಕಾನ್ ಪ್ರಾಂತದ ಹೆಸರು ಮತ್ತೆ ಮತ್ತೆ ಎದುರಾಯಿತು. ಬಲಗ್ತಾಸ್ ಅಲ್ಲಿಯವರು. ಕುಂದಿಮಾನ್ ಅನ್ನು ಕಚೇರಿಯ ವೇದಿಕೆಗೆ ತಂದ ಇಬ್ಬರು ಮಹನೀಯರೂ ಅಲ್ಲಿಯವರೇ: ಸಾಂತಾ ಮರಿಯಾ ಪಟ್ಟಣದ ಫ್ರಾನ್ಸಿಸ್ಕೊ ಸಾಂತಿಯಾಗೊ, ಸಾನ್ ಮಿಗೆಲ್ ಪಟ್ಟಣದ ನಿಕಾನೊರ್ ಅಬೆಲಾರ್ದೊ. ಜನರ ಬಾಯಲ್ಲಿದ್ದ ಸರಳ ಗೀತೆಗೆ ಪಿಯಾನೊ ಸಹವಾದನ ಕೊಟ್ಟು, ಸುಶಿಕ್ಷಿತ ಕಂಠದ ವಿಸ್ತಾರಕ್ಕೆ ತಕ್ಕ ಸ್ವರಪ್ರಸ್ತಾರ ಬರೆದು, ಅವರು ಅದನ್ನು ಬೇರೆ ಎತ್ತರಕ್ಕೆ ಒಯ್ದರು. ಸಾಂತಿಯಾಗೊ ಅವರ ‘ಅನಾಕ್ ದಾಲಿತಾ’ 1917ರದ್ದು. ಅದಕ್ಕೆ ಒಂದು ವರ್ಷ ಹಿಂದೆ, 1916ರಲ್ಲಿ, ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿದ್ಯಾಲಯ ಆರಂಭವಾಗಿತ್ತು. ಮುಂದೆ ಸಾಂತಿಯಾಗೊ ಅದರ ಮುಖ್ಯಸ್ಥರಾದ ಮೊದಲ ಫಿಲಿಪಿನೊ ಆದರು. ಅಬೆಲಾರ್ದೊ ಅವರ ‘ನಸಾಆನ್ ಕಾ, ಇರೋಗ್’ 1923ರದ್ದು, ‘ಮುತ್ಯಾ ನಂಗ್ ಪಾಸಿಗ್’ 1926ರದ್ದು. ಮನಿಲಾದ ಕ್ಯಾಬರೆಗಳಲ್ಲಿ ಪಿಯಾನೊ ನುಡಿಸಿ ಬದುಕು ನಡೆಸಿದ ಅವರು 1934ರಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಸಭಾಂಗಣ ಆ ವಿಶ್ವವಿದ್ಯಾಲಯದ ದಿಲಿಮಾನ್ ಆವರಣದಲ್ಲಿದೆ; ಅಲ್ಲಿ ಯುವ ಗಾಯಕರು ಅವರದೇ ರಚನೆಗಳನ್ನು ಹಾಡುವುದನ್ನು ಕೇಳುವುದು ನನಗೆ ಪಾಠವೂ ಹೌದು, ಪೂಜೆಯೂ ಹೌದು.

ಈ ಕಲಾತ್ಮಕ ಕುಂದಿಮಾನ್‌ಗಳನ್ನು ಗಿಟಾರ್‌ಗೆ ಇಳಿಸುವಾಗ ಬಹಳಷ್ಟನ್ನು ಬಿಡಬೇಕಾಗುತ್ತದೆ. ಅಬೆಲಾರ್ದೊ ಅವರ ಪಿಯಾನೊ ಭಾಗದಲ್ಲಿ ಹಾಡಿನ ಸಾಲಿಗೆ ಉತ್ತರ ಕೊಡುವ ಒಳದನಿಗಳಿವೆ. ಆರು ತಂತಿಯಲ್ಲಿ ಅವೆಲ್ಲವನ್ನೂ ನುಡಿಸಲು ಸಾಧ್ಯವಿಲ್ಲ. ನಾನು ಮಂದ್ರದ ನಡೆಯನ್ನೂ ಆ ಉತ್ತರದ ಸಾಲನ್ನೂ ಉಳಿಸಿಕೊಂಡು ತುಂಬುಸ್ವರಗಳನ್ನು ಕೈಬಿಡುತ್ತೇನೆ. ಹಾಡುವವರು ತಂಗಿದ ಕಡೆ ಆ ಉತ್ತರ ಕೇಳಿಸಿದರೆ ಸಾಕು, ರಚನೆಯ ಮುಖ ಉಳಿಯುತ್ತದೆ.

ಈ ಹಾಡುಗಳ ಪ್ರೇಯಸಿ ಯಾರು ಎಂಬ ಪ್ರಶ್ನೆಯನ್ನು ಬಿಟ್ಟು ಅವುಗಳನ್ನು ಹಾಡಲು ಬರುವುದಿಲ್ಲ. 1896ರ ಕ್ರಾಂತಿಯ ಕಾಲದಲ್ಲಿ ಹೋರಾಟಗಾರರು ಮೆಚ್ಚಿ ಹಾಡುತ್ತಿದ್ದ ‘ಜೋಸೆಲಿನಾಂಗ್ ಬಾಲಿವಾಗ್’ ಮೇಲ್ನೋಟಕ್ಕೆ ಬುಲಾಕಾನ್‌ನ ಬಾಲಿವಾಗ್ ಊರಿನ ಚೆಲುವೆಯೊಬ್ಬಳ ವರ್ಣನೆ. ಹಾಡಿದವರ ಮನಸ್ಸಿನಲ್ಲಿ ಆ ಚೆಲುವೆ ದೇಶವಾಗಿದ್ದಳು. ಆಮೇಲೆ ಬಂದ ಅಮೆರಿಕನ್ ಆಡಳಿತ 1907ರಿಂದ 1919ರವರೆಗೆ ಫಿಲಿಪ್ಪೀನ್ಸ್ ಧ್ವಜ ಹಾರಿಸುವುದನ್ನೇ ನಿಷೇಧಿಸಿತ್ತು; ‘ಅನಾಕ್ ದಾಲಿತಾ’ ಹುಟ್ಟಿದ್ದು ಆ ವರ್ಷಗಳಲ್ಲಿಯೇ. ಇನ್ನು ‘ಬಾಯನ್ ಕೋ’ ನೇರವಾಗಿಯೇ ದೇಶವನ್ನು ಕುರಿತ ಕುಂದಿಮಾನ್. ಕವಿ ಹೊಸೆ ಕೊರಸೋನ್ ದೆ ಹೆಸುಸ್ ಅವರ ತಗಾಲೊಗ್ ಸಾಹಿತ್ಯಕ್ಕೆ ಕೊನ್ಸ್ತಾನ್ಸಿಯೊ ದೆ ಗುಸ್ಮಾನ್ ಅವರ ಸಂಗೀತ. ಚೆಲುವಾದ ನಾಡು ಪರರ ಕೈಗೆ ಸಿಕ್ಕ ಕಥೆ ಮೈನರ್‌ನಲ್ಲಿ ಬರುತ್ತದೆ. ಹಾರಬಲ್ಲ ಹಕ್ಕಿಯೂ ಪಂಜರದಲ್ಲಿಟ್ಟರೆ ಅಳುತ್ತದೆ ಎಂಬ ಸಾಲಿನೊಂದಿಗೆ ಮೇಜರ್ ತೆರೆದುಕೊಳ್ಳುತ್ತದೆ. ಅಧ್ಯಕ್ಷ ಮಾರ್ಕೊಸ್ ಆಳ್ವಿಕೆಯ ಸೇನಾ ಕಾನೂನಿನ (ಮಾರ್ಷಲ್ ಲಾ) ಕಾಲದಲ್ಲಿ ಇದನ್ನು ಬಹಿರಂಗವಾಗಿ ಹಾಡುವುದಕ್ಕೆ ತಡೆಯಿತ್ತು. 1986ರ ಫೆಬ್ರವರಿಯಲ್ಲಿ ಮಾರ್ಕೊಸ್ ವಿರುದ್ಧ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ನೆರೆದ ಜನಸಾಗರ ಅದನ್ನು ಹಾಡಿತು. ಆ ದಿನಗಳನ್ನು ಕಂಡ ಹಿರಿಯರ ಮುಂದೆ ಈ ಹಾಡಿಗೆ ಗಿಟಾರ್ ನುಡಿಸುವಾಗ ನಾನು ಪೀಠಿಕೆಯನ್ನು ಚಿಕ್ಕದಾಗಿಸುತ್ತೇನೆ. ಎರಡನೆಯ ಭಾಗ ಬಂದಾಗ ಹಾಡು ಗಾಯಕನ ಕೈತಪ್ಪಿ ಕೇಳುಗರ ಪಾಲಾಗುತ್ತದೆ. ಆಗ ಲಯವನ್ನು ಸ್ಥಿರವಾಗಿ ಹಿಡಿದು ಕೊಡುವುದಷ್ಟೇ ನನ್ನ ಕೆಲಸ.

ನಿಜವಾದ ಕಿಟಕಿಯ ಕೆಳಗೆ ನುಡಿಸುವ ಅವಕಾಶ ನನಗೆ ಸಿಕ್ಕಿದ್ದು ಮಾಯೆಸ್ತ್ರೊ ಅವರ ಬಂಧುಗಳ ಮನೆಯಲ್ಲಿ. ಅಜ್ಜ ಅಜ್ಜಿಯ ಮದುವೆಯ ಸುವರ್ಣ ವರ್ಷದ ಸಂಭ್ರಮಕ್ಕೆ, ಅಜ್ಜ ಹಿಂದೊಮ್ಮೆ ಹಾಡಿದ್ದಂತೆಯೇ ಮತ್ತೆ ಹಾಡಬೇಕೆಂದು ಮಕ್ಕಳು ಬಯಸಿದ್ದರು. ಅಜ್ಜನ ಪರವಾಗಿ ಮಾಯೆಸ್ತ್ರೊ ಹಾಡುವುದು, ನಾನು ಗಿಟಾರ್ ನುಡಿಸುವುದು ಎಂದಾಯಿತು. ಇದರಲ್ಲಿ ಹೊಸತೇನೂ ಇಲ್ಲ. ಹಿಂದೆಯೂ ಕಂಠ ಚೆನ್ನಾಗಿಲ್ಲದ ಹುಡುಗರು ಊರಿನ ಒಳ್ಳೆಯ ಹಾಡುಗಾರನನ್ನು ಕರೆದೊಯ್ಯುತ್ತಿದ್ದರು. ಅಂದು ನಾನು ಕಲಿತದ್ದೆಲ್ಲ ಬಯಲಿಗೆ ಸಂಬಂಧಿಸಿದ್ದು. ಬಯಲಿನಲ್ಲಿ ನೈಲಾನ್ ತಂತಿಯ ಮಂದ್ರ ದೂರ ಹೋಗುವುದಿಲ್ಲ. ಬಲಗೈಯನ್ನು ಗಿಟಾರ್‌ನ ರಂಧ್ರದ ಮೇಲಿನಿಂದ ತಂತಿಗಳನ್ನು ಬಿಗಿದ ಕುದುರೆಯ (ಬ್ರಿಡ್ಜ್) ಕಡೆಗೆ ಸರಿಸಿ, ಉಗುರಿನ ತುದಿಯಿಂದ ಮೀಟಿದರೆ ಮಾತ್ರ ದನಿಗೆ ಮೊನೆ ಬರುತ್ತದೆ. ಗೋಡೆಯಿಂದ ತೀರ ದೂರ ನಿಂತರೆ ಹಾಡು ಬೀದಿಯ ಟ್ರೈಸಿಕಲ್‌ಗಳ ಸದ್ದಿನಲ್ಲಿ ಕಳೆದುಹೋಗುತ್ತದೆ, ತೀರ ಹತ್ತಿರ ನಿಂತರೆ ಮೇಲಿನ ಕಿಟಕಿಗೆ ಏರುವುದಿಲ್ಲ. ಗೋಡೆಗೆ ತಟ್ಟಿ ಮರಳಿದ ದನಿ ನಮಗೇ ಕೇಳಿಸುವಷ್ಟು ಅಂತರವೇ ಸರಿ. ಹಳೆಯ ಮನೆಗಳ ಕಿಟಕಿಗಳಿಗೆ ಕಾಪೀಸ್ ಎಂಬ ಚಿಪ್ಪಿನ ತೆಳು ಬಿಲ್ಲೆಗಳನ್ನು ಕೂರಿಸಿರುತ್ತಾರೆ; ಬೆಳಕನ್ನು ಹಾಯಬಿಡುವ, ಮುಖವನ್ನು ತೋರಿಸದ ಆ ಪರದೆಯ ಹಿಂದೆ ಯಾರಾದರೂ ಕೇಳುತ್ತಿದ್ದಾರೆಯೇ ಎಂಬುದು ದೀಪ ಹೊತ್ತಿದಾಗಲೇ ತಿಳಿಯುತ್ತಿದ್ದುದು.

ಆ ರಾತ್ರಿಯ ಕ್ರಮವನ್ನು ಮಾಯೆಸ್ತ್ರೊ ಹಳೆಯ ಪದ್ಧತಿಯಂತೆಯೇ ಇಟ್ಟಿದ್ದರು. ಮೊದಲು ಕಿಟಕಿ ತೆರೆಯೆಂದು ಬೇಡುವ ಹಾಡು, ಕಿಟಕಿ ತೆರೆದ ಬಳಿಕ ಪ್ರೀತಿಯನ್ನು ಹೇಳಿಕೊಳ್ಳುವ ಹಾಡು, ಮನೆಯ ಹೆಣ್ಣು ಇಷ್ಟಪಟ್ಟರೆ ಅವಳ ಉತ್ತರ, ಕೊನೆಗೆ ಬೀಳ್ಕೊಡುಗೆಯ ಹಾಡು. ಉತ್ತರದ ಸರದಿ ಬಂದಾಗ ಅಜ್ಜಿ ಮೇಲಿನಿಂದಲೇ ಹಾಡಿದರು, ಮತ್ತು ನಮ್ಮ ಗಿಟಾರ್‌ಗಿಂತ ಒಂದೂವರೆ ಸ್ವರ ಕೆಳಗಿನ ಶ್ರುತಿಯಲ್ಲಿ ಹಾಡಿದರು. ಆಗ ನಾನು ಅವರ ಮೊದಲ ಸಾಲು ಮುಗಿಯುವವರೆಗೆ ಕೈ ತೆಗೆದು ಕಾದು, ಅವರ ಷಡ್ಜ ಹಿಡಿದು ಎರಡನೆಯ ಸಾಲಿನಲ್ಲಿ ಸೇರಿಕೊಂಡೆ. ಉತ್ತರ ಯಾವ ಶ್ರುತಿಯಲ್ಲಿ ಬಂದರೂ ಹಿಡಿಯಲು ಸಿದ್ಧನಿರಬೇಕಾದದ್ದು ಹರಾನದ ಗಿಟಾರ್‌ನವನ ಕರ್ತವ್ಯ. ಅಂದಿನಿಂದ ಪ್ರತಿಯೊಂದು ಹಾಡನ್ನೂ ಕನಿಷ್ಠ ಮೂರು ಶ್ರುತಿಗಳಲ್ಲಿ ಅಭ್ಯಾಸ ಮಾಡುವುದನ್ನು ರೂಢಿಸಿಕೊಂಡಿದ್ದೇನೆ.

ನನ್ನ ಈಗಿನ ಗಿಟಾರ್ ಸೆಬು ನಗರದ ಎದುರಿನ ಮಾಕ್ತಾನ್ ದ್ವೀಪದಲ್ಲಿ ಕೊಂಡದ್ದು. ಗಿಟಾರ್ ತಯಾರಿಕೆಗೆ ಹೆಸರಾದ ಲಾಪು-ಲಾಪು ಪಟ್ಟಣದ ಕುಶಲಕರ್ಮಿಗಳು ಅದರ ಬೆನ್ನಿಗೂ ಪಕ್ಕೆಗಳಿಗೂ ಹಲಸಿನ ಮರ ಬಳಸುತ್ತಾರೆ. ಹೊಸದರಲ್ಲಿ ಹಳದಿಯಾಗಿದ್ದು ವರ್ಷ ಕಳೆದಂತೆ ಕಂದುಬಣ್ಣಕ್ಕೆ ತಿರುಗುವ ಅದೇ ಮರ. ವೀಣೆಯ ಕೊಡಕ್ಕೂ ಮೃದಂಗದ ಕಳಶಕ್ಕೂ ಹಲಸನ್ನೇ ಆರಿಸುವ ನಾಡಿನಿಂದ ಹೋದವನಿಗೆ ಅಂಗಡಿಯಲ್ಲಿ ಆ ಮರದ ಗುರುತು ಹಿಡಿಯಲು ಯಾರ ನೆರವೂ ಬೇಕಾಗಲಿಲ್ಲ. ಅದರ ದನಿ ಮಧ್ಯಸ್ಥಾಯಿಯಲ್ಲಿ ತುಂಬಿಕೊಂಡಿದ್ದು, ಹಾಡುವವರ ಕಂಠಕ್ಕೆ ಅಡ್ಡ ಬರುವುದಿಲ್ಲ. ಮಳೆಗಾಲದ ತೇವಕ್ಕೆ ಶ್ರುತಿ ಇಳಿಯುವುದು ಮಾತ್ರ ತಪ್ಪದು.

ಸೆಬುವಿನ ಕಡೆಯ ವಿಸಾಯನ್ ಭಾಷಿಕರಲ್ಲಿ ಬಾಲಿತಾವ್ ಎಂಬ ಇನ್ನೊಂದು ಬಗೆಯ ಪ್ರಣಯಗೀತೆಯಿದೆ. ಅದರಲ್ಲಿ ಹೆಣ್ಣು ಕಿಟಕಿಯ ಹಿಂದೆ ಇರುವುದಿಲ್ಲ, ಎದುರಿಗೇ ನಿಂತಿರುತ್ತಾಳೆ. ಗಂಡು ಒಂದು ಪದ್ಯ ಕಟ್ಟಿ ಹಾಡಿದರೆ ಹೆಣ್ಣು ಅದನ್ನು ಅಲ್ಲಗಳೆಯುವ ಪದ್ಯವನ್ನು ಆಗಲೇ ಕಟ್ಟಿ, ಹೆಜ್ಜೆ ಹಾಕುತ್ತ ಹಾಡುತ್ತಾಳೆ, ಮತ್ತು ಅವನು ಸೋಲೊಪ್ಪುವವರೆಗೆ ಅಥವಾ ಅವಳು ಒಪ್ಪುವವರೆಗೆ ವಾದ ನಡೆಯುತ್ತದೆ. ಇದನ್ನು ನಾನು ಈಗಷ್ಟೇ ಕಲಿಯತೊಡಗಿದ್ದೇನೆ. ಮೂರು ಎಣಿಕೆಯ ನಡೆ ಕೈಗೆ ಬಂದಿದೆ. ಆಶುವಾಗಿ ಪದ್ಯ ಕಟ್ಟುವಷ್ಟು ಸೆಬುವಾನೊ ಭಾಷೆ ಇನ್ನೂ ಬಂದಿಲ್ಲವಾದ್ದರಿಂದ, ಸದ್ಯಕ್ಕೆ ಬಲ್ಲವರ ಜೋಡಿಗೆ ಗಿಟಾರ್ ನುಡಿಸುತ್ತ, ಅವರ ಪದ್ಯಗಳನ್ನು ಬರೆದುಕೊಂಡು ಅರ್ಥ ಕೇಳಿ ತಿಳಿಯುತ್ತಿದ್ದೇನೆ.